ಗಾಡಿ ಹತ್ತುವವರ ಮಾತು

ನರ್ಸಿಂಗ್ ಶಾಲೆ, ಟಾಂಗಾ
೪ ಮಾರ್ಚ್ ೧೯೯೬

ಪ್ರೀತಿಯ ಉದಮೇಡಾ ಚಿಕ್ಕಮ್ಮ,

ಈ ಕಾಗದ ಈರುಳ್ಳಿ ಲಾರಿಯವನ ಕೈಯಲ್ಲಿ ನಿಮ್ಮ ಕುಲುಮೆ ತಲುಪುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಅಜ್ಜಿಯವರು ಸರೋವರದ ದಂಡೆ ಬಿಟ್ಟು ಗುಡ್ಡ ಹತ್ತಿದ್ದರೆ, ಬುಂಗಾ ಮಾವ ಬಾಣದ ಮೊನೆಗೆ ಬಂದಾಗ ಹೇಳಿಕಳಿಸಿ. ಇದನ್ನು ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡು ಓದಬೇಕು. ಅರ್ಧ ನಾನು ಬರೆದದ್ದು, ಅರ್ಧ ನಿಮ್ಮದು ಎಂದು ಕಲಸಿಬಿಡಬೇಡಿ. ನಿಮ್ಮ ಬಾಯಿ ನನಗೆ ಗೊತ್ತು.

ನಾನು ಪಾಸಾದೆ. ನರ್ಸಿಂಗ್ ಶಾಲೆ ಮುಗಿಯಿತು, ತಲೆಗೆ ಬಿಳಿ ಟೋಪಿ ಬಂತು. ನಮ್ಮ ಮೇಟ್ರನ್ ಮ್ವಾಂತುಮು ಅಮ್ಮ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ, "ಟೋಪಿ ಬಂತು ಅಂತ ಮೆರೀಬೇಡಿ. ನಿಮ್ಮನ್ನ ಇಲ್ಲೀವರೆಗೂ ಎತ್ತಿ ತಂದ ಕೈ ಯಾವ್ದೋ, ಆ ಕೈಗೊಂದು ಧನ್ಯವಾದ ಬರೀರಿ. ಬರೀದೆ ಯಾರೂ ಊಟಕ್ಕೆ ಏಳೋ ಹಾಗಿಲ್ಲ" ಎಂದರು. ಬೇರೆಯವರಿಗೆ ಅಪ್ಪ, ಅಮ್ಮ, ಪಾದ್ರಿ, ಚಿಕ್ಕಪ್ಪ ಎಂದು ಯೋಚನೆ. ನನಗೆ ಯೋಚಿಸುವುದೇ ಬೇಕಾಗಲಿಲ್ಲ.

ಇನ್ನು ಅಜ್ಜಿಗೆ ಓದಿ.

ಅಜ್ಜಿ, ಅಮ್ಮ ಹೋದ ಮೇಲೆ ನೀನು ಬಂಡೆಯಂಥ ನೆಲ ಅಗೆದು ಗೆಡ್ಡೆ ತೆಗೆದೆ, ಸುಟ್ಟೆ, ಅಗಿದು ಮೆತ್ತಗೆ ಮಾಡಿ ನನ್ನ ಬಾಯಿಗಿಟ್ಟೆ. ಶಾಲೆಯವರು ನನ್ನನ್ನು ಹಾಸ್ಟೆಲಿಗೆ ಹಾಕಿದಾಗ ಬೇಲಿಯ ಆಚೆ ಬಾವೊಬಾಬ್ ಮರದ ಕೆಳಗೆ ಬಂದು ಕೂತೆ. ನಾನು ಅಳು ನಿಲ್ಲಿಸುವವರೆಗೂ ಅಲ್ಲಿಂದ ಏಳಲಿಲ್ಲ. ಬೇಲಿಯ ಸಂದಿಯಲ್ಲಿ ಗೆಡ್ಡೆ ತೂರಿಸುತ್ತಿದ್ದೆ. ನಿನ್ನಿಂದಲೇ ನಾನು ಇಲ್ಲಿದ್ದೇನೆ. ಅಸಾಂಟೆ, ಅಜ್ಜಿ. ಅಸಾಂಟೆ ಸಾನಾ. ಧನ್ಯವಾದಕ್ಕೆ ನಮ್ಮ ಮಾತಿನಲ್ಲಿ ಪದವಿಲ್ಲ, ಅದಕ್ಕೇ ಸ್ವಾಹಿಲಿಯಲ್ಲೇ ಹೇಳುತ್ತಿದ್ದೇನೆ.

ಕೊನೆಗೊಂದು ಮಾತು. ದಂಡೆಯ ದವಾಖಾನೆಯಲ್ಲಿ ನರ್ಸಿನ ಜಾಗ ಖಾಲಿಯೇ ಇದೆಯಂತೆ, ಆ ಬಿಸಿಲಿಗೂ ಉಪ್ಪು ಧೂಳಿಗೂ ಹೆದರಿ ಯಾರೂ ಹೋಗುವುದಿಲ್ಲ. ಇಲ್ಲಿನ ದೊಡ್ಡ ಆಸ್ಪತ್ರೆಯವರು ಇಲ್ಲೇ ಇರು ಎನ್ನುತ್ತಾರೆ. ಜೂನ್ ಮುಗಿಯುವುದರೊಳಗೆ ನಾನು ಎರಡರಲ್ಲಿ ಒಂದಕ್ಕೆ ಹೆಸರು ಕೊಡಬೇಕು, ಕೊಟ್ಟ ಮೇಲೆ ಬದಲಾಯಿಸುವ ಹಾಗಿಲ್ಲ. ಅಜ್ಜಿ, ನಾನು ಬರಲಾ? ನಾವು ಹಡ್ಜಾಗಳು ಒಬ್ಬರಿಗೊಬ್ಬರು ಬಾ, ಹೋಗು ಎಂದು ಹೇಳುವವರಲ್ಲ, ಗೊತ್ತು. ಆದರೂ ನಿನ್ನ ಬಾಯಲ್ಲಿ ಒಂದು ಸಲ ಕೇಳಬೇಕು. ಬಾ ಅಂದರೆ ಬರುತ್ತೇನೆ.

ನಿಮ್ಮ
ಅಬೇಯಾ

*

ಕುಲುಮೆಯಿಂದ, ಮಂಗೋಲ
೧೧ ಏಪ್ರಿಲ್ ೧೯೯೬

ಮಗಳೇ ಅಬೇಯಾ,

ನಿನ್ನ ಕಾಗದ ಬಂತು. ಲಾರಿಯವನು ಅದರ ಮೇಲೆ ಟೀ ಲೋಟ ಇಟ್ಟಿದ್ದನೆಂದು ಕಾಣುತ್ತದೆ, ನಿನ್ನ ಬಿಳಿ ಟೋಪಿಯ ಸಾಲಿನ ಸುತ್ತ ದುಂಡಗೆ ಕಲೆಯಾಗಿದೆ. ನನ್ನ ಗಂಡ ಗಿದಹೋಡ ನೀನು ಪಾಸಾದದ್ದು ಕೇಳಿ ತಿದಿ ಊದುವುದನ್ನೂ ಬಿಟ್ಟು ನಕ್ಕ. "ನಮ್ಮೂರಲ್ಲಿ ಇನ್ಮೇಲೆ ಸೂಜಿ ಚುಚ್ಚೋರು ಇರ್ತಾರೆ ಅನ್ನು" ಎಂದ. ಸೂಜಿಯೆಂದರೆ ಅವನಿಗೆ ಪ್ರಾಣಭಯ. ದಿನವಿಡೀ ಕೆಂಡದ ಮುಂದೆ ಕೂರುವ ಗಂಡಸು ನೋಡು.

ಇನ್ನು ಮುಂದಿನದನ್ನು ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನ ವಾಂಡೆ ಅಜ್ಜಿ, ಬುಂಗಾ, ಅವನ ಹೆಂಡತಿ, ಇನ್ನೂ ಯಾರ್ಯಾರೋ ಬಂದಿದ್ದರು. ಬುಂಗಾನಿಗೆ ಬಾಣದ ಮೊನೆ ಬೇಕಿತ್ತು, ಜೇನು ತಂದಿದ್ದ. ಎಲ್ಲರನ್ನೂ ಮುಳ್ಳುಬೇಲಿಯ ನೆರಳಿಗೆ ಕೂರಿಸಿ ಓದಿದೆ, ನನ್ನದೊಂದು ಮಾತೂ ಸೇರಿಸಲಿಲ್ಲ. ವಾಂಡೆ ಬಾವೊಬಾಬ್ ಕಾಯಿ ಒಡೆದು ಬೀಜ ಚೀಪುತ್ತಾ ಕೂತಿದ್ದಳು. ಬೇಲಿಯ ಮಾತು ಬಂದಾಗ ಕುಲುಕುಲು ನಕ್ಕಳು. "ಆ ಕಾವಲಿನೋನು ನನ್ನ ಕಡೆ ಕಲ್ಲು ಬೀರ್ತಿದ್ದ ಕಣ್ರೋ. ನಾನು ಗೆಡ್ಡೆ ಸಿಪ್ಪೆ ಬೀರ್ತಿದ್ದೆ. ಅವನ ಗುರಿ ನೆಟ್ಟಗಿರ್ಲಿಲ್ಲ, ನಂದು ತಪ್ತಿರ್ಲಿಲ್ಲ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ನೀನು ಬರೆದ ಅಸಾಂಟೆ ಓದಿದೆ. ಅವಳ ಕೈ ನಿಂತಿತು.

"ಏನಂದ್ಲು? ಇನ್ನೊಂದ್ಸಲ ಹೇಳು."

ಹೇಳಿದೆ.

"ಹೂಂ," ಎಂದು ಸೊಂಟದ ಬಟ್ಟೆ ಕೊಡವಿಕೊಂಡು ಎದ್ದಳು.

"ಕೂತ್ಕೋ ಅಜ್ಜಿ, ಇನ್ನೂ ಇದೆ. ಮುಖ್ಯವಾದ್ದೇ ಉಳ್ಕೊಂಡಿದೆ."

"ಇನ್ನೇನಿರತ್ತೆ ಅದರಲ್ಲಿ? ಮುಗೀತಲ್ಲ."

ಹೊರಟೇ ಹೋದಳು. ಕೂಗಿದೆ, ಹಿಂದೆ ಓಡಿದೆ. ಅವಳು ಅಗೆಯುವ ಕೋಲು ಹೆಗಲಿಗೇರಿಸಿ ನಡೆದರೆ ಯಾರು ಹಿಡಿಯುತ್ತಾರೆ? ನಿನ್ನ ಕೊನೆಯ ಮಾತನ್ನು ಅವಳ ಕಿವಿಗೆ ಹಾಕಲು ಆಗಲೇ ಇಲ್ಲ.

ಬುಂಗಾ ಮರುದಿನ ಬಂದಿದ್ದ. ಓದಿದ ದಿನ ಸಂಜೆಯೇ ನಿನ್ನ ಅಜ್ಜಿ ಗುಡಿಸಲ ಹುಲ್ಲಿನಲ್ಲಿ ಸಿಕ್ಕಿಸಿಟ್ಟಿದ್ದ ನಿನ್ನ ಕೋಲನ್ನು ಎಳೆದು, ಗುಡ್ಡದಾಚೆಯಿಂದ ಮದುವೆಯಾಗಿ ಬಂದ ಹೊಸ ಹುಡುಗಿಗೆ ಕೊಟ್ಟುಬಿಟ್ಟಳಂತೆ. "ಅದು ಅಬೇಯಾಂದಲ್ವೇನವ್ವಾ" ಎಂದನಂತೆ ಬುಂಗಾ. "ಅಗಿಯೋರಿಗೆ ಬೇಕು ಕೋಲು" ಎಂದಳಂತೆ. ಬುಂಗಾ ಬಂದುಹೋದ ಮಾರನೆಯ ಬೆಳಿಗ್ಗೆ ಬಿಡಾರ ಕಿತ್ತು ಗುಡ್ಡದ ಕಡೆ ಹೋದರು.

ಯಾಕೆ ಹೀಗೆ ಮಾಡಿದಳೋ ನನಗೆ ಗೊತ್ತಿಲ್ಲ. ಹಿಂದೊಮ್ಮೆ ನನ್ನ ಜೊತೆಗೂ ಹೀಗೇ ಮಾಡಿದ್ದಳು. ನಮ್ಮ ದನಗಳೆಲ್ಲ ಸತ್ತ ವರ್ಷ, ನನ್ನೆದೆಯಲ್ಲಿ ಹಾಲಿಲ್ಲದೆ ಕೂಸು ಕೂಗುತ್ತಿದ್ದಾಗ, ಕರೆಯದೆಯೇ ಬಂದು ಬಾವೊಬಾಬ್ ಹಿಟ್ಟು ಕದಡಿ ಕುಡಿಸಿದವಳು ಅವಳು. ಗೆಡ್ಡೆ ಅಗೆದು ತಿನ್ನುವ ಹಡ್ಜಾ ಹೆಂಗಸು, ದನ ಸಾಕುವ ನಮ್ಮ ದಟೋಗರ ಮನೆಗೆ! ಅದೇ ವಾಂಡೆ ಮುಂದಿನ ಮಳೆಗಾಲ ಪೂರ್ತಿ ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ತಾನಾಗೇ ಸರಿಹೋಯಿತು. ಇದೂ ಸರಿಹೋಗಬಹುದು. ಕಾದು ನೋಡು.

ನಿನ್ನ
ಉದಮೇಡಾ

*

ಟಾಂಗಾ
೬ ಮೇ ೧೯೯೬

ಚಿಕ್ಕಮ್ಮ,

ನಿಮ್ಮ ಕಾಗದವನ್ನು ಸಮುದ್ರದ ದಂಡೆಯಲ್ಲಿ ಕೂತು ಓದಿದೆ. ಇದೂ ಉಪ್ಪು ನೀರೇ. ಆದರೆ ನಮ್ಮ ಸರೋವರದ ಹಾಗೆ ಬೇಸಿಗೆಯಲ್ಲಿ ಬೆಳ್ಳಗಾಗಿ ದೂರ ಸರಿದುಹೋಗುವುದಿಲ್ಲ, ಯಾವಾಗ ಬಂದರೂ ಇಲ್ಲೇ ಇರುತ್ತದೆ. ನನಗೆ ಇದರ ಮೇಲೆ ಸಿಟ್ಟು ಬಂತು.

ಕೋಲು ಕೊಟ್ಟುಬಿಟ್ಟಳಾ? ಅದರ ತುದಿಯನ್ನು ಬೆಂಕಿಯಲ್ಲಿ ಹದ ಮಾಡಲು ಅವಳೇ ಕಲಿಸಿದ್ದು. ನಾನು ಹೊರಟ ದಿನ, "ಇಲ್ಲಿರ್ಲಿ, ನೀನು ಬಂದಾಗ ಹುಡುಕ್ಬಾರ್ದು" ಎಂದು ಅವಳೇ ಹುಲ್ಲಿಗೆ ಸಿಕ್ಕಿಸಿದ್ದು.

ನಾನು ತುಂಬಾ ದಿನ ದೂರ ಉಳಿದೆನೆಂದು ಸಿಟ್ಟಿರಬೇಕು. ಅಥವಾ ಇಷ್ಟು ವರ್ಷ ಉಣ್ಣಿಸಿದವಳಿಗೆ ಬರೀ ಕಾಗದದಲ್ಲಿ ಹೇಳಿದರೆ ಸಾಲದೆಂದು ಇರಬಹುದು. ಅದಕ್ಕೆ ಇದರ ಜೊತೆ ಒಂದು ಕಾಂಗಾ ಬಟ್ಟೆ ಕಳಿಸಿದ್ದೇನೆ. ಕೆಂಪು, ಅಂಚಿನಲ್ಲಿ ಹಳದಿ ಗೋಡಂಬಿ ಹಣ್ಣುಗಳಿವೆ. ಅವಳ ಹೆಗಲಿಗೆ ನೀವೇ ಹೊದಿಸಿ. ಹೊದಿಸುವಾಗ ನನ್ನ ಪರವಾಗಿ ಮತ್ತೊಮ್ಮೆ ಅಸಾಂಟೆ ಹೇಳಿ. ಎಷ್ಟು ಸಲ ಬೇಕೋ ಅಷ್ಟು ಸಲ ಹೇಳಿ, ಅವಳ ಮನಸ್ಸು ಕರಗುವವರೆಗೂ.

ಕರಗದಿದ್ದರೆ ನನಗೆ ಉತ್ತರ ಸಿಕ್ಕಿದ ಹಾಗೇ. ದೊಡ್ಡ ಆಸ್ಪತ್ರೆಗೆ ಹೆಸರು ಕೊಡುತ್ತೇನೆ. ಕೋಲಿಲ್ಲದ ಕಡೆ ಬಂದು ನಾನೇನು ಮಾಡಲಿ?

ಅಬೇಯಾ

*

ಕುಲುಮೆಯಿಂದ, ಮಂಗೋಲ
೮ ಜೂನ್ ೧೯೯೬

ಅಬೇಯಾ,

ಹೆಸರು ಕೊಡಬೇಡ. ಮೊದಲು ಇದನ್ನು ಓದು. ಲಾರಿಯವನಿಗೆ ಒಂದು ಹಿತ್ತಾಳೆ ಬಳೆಯ ಆಸೆ ಹುಟ್ಟಿಸಿದ್ದೇನೆ, ದಾರಿಯಲ್ಲಿ ಎಲ್ಲೂ ನಿಲ್ಲದೆ ತಲುಪಿಸುತ್ತಾನೆ.

ಮಳೆ ಮುಗಿದು ವಾಂಡೆಯವರು ದಂಡೆಗೆ ಇಳಿದಿದ್ದಾರೆ. ಕಾಂಗಾ ತೆಗೆದುಕೊಂಡು ಹೋದೆ. ಅವಳು ಮುಟ್ಟಲಿಲ್ಲ. ಬುಂಗಾನ ಹೆಂಡತಿ "ಹಂಗಾದ್ರೆ ನಂಗೆ ಕೊಡು" ಎಂದು ಸುತ್ತಿಕೊಂಡಳು. ಅವಳ ತಂಗಿ ಅವಳಿಂದ ಕೇಳಿ ಪಡೆದಳು. ಈಗ ಯಾರ ಮೈಮೇಲಿದೆಯೋ ದೇವರೇ ಬಲ್ಲ. ನೀನು ಹೇಳೆಂದ ಅಸಾಂಟೆಗಳನ್ನು ನಾನು ಹೇಳಲಿಲ್ಲ. ಅವಳ ಮುಖ ಸರಿಯಿರಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ನಾನು ಅಲ್ಲಿದ್ದಾಗಲೇ ಸರೋವರ ನೋಡಲು ಬಂದ ಪ್ರವಾಸಿಗಳ ಎರಡು ಗಾಡಿ ಬಂದವು. ನಿನಗೆ ಗೊತ್ತಲ್ಲ, ಗಂಡಸರ ಜೊತೆ ಬಾಣ ಬಿಟ್ಟರು, ಮರದ ಬೊಡ್ಡೆಗೂ ತಾಗಲಿಲ್ಲ, ಜೇನಿನ ಜೊತೆ ಮರಿಹುಳುಗಳನ್ನೂ ತಿಂದು ಮುಖ ಹಿಂಡಿದರು. ಒಬ್ಬ ಹೆಂಗಸು ವಾಂಡೆಯ ಜೊತೆ ಗೆಡ್ಡೆ ಅಗೆದಳು. ಒಳ್ಳೆಯವಳೇ. ಬಿಸಿಲಲ್ಲಿ ಟೊಮೇಟೊ ಆಗಿದ್ದರೂ ಬಿಡದೆ ಅಗೆದಳು. ಹೊರಡುವಾಗ ವಾಂಡೆಯ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಸಾಂಟೆ, ಅಸಾಂಟೆ ಸಾನಾ" ಎಂದಳು. ಗಾಡಿ ಹತ್ತಿದಳು. ಹೋದರು.

ವಾಂಡೆ ಧೂಳು ಕೂರುವವರೆಗೂ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಹೆಂಗ್ಸು ಮತ್ತೆ ಬರ್ತಾಳಾ?"

"ಎಲ್ಲಿ ಬರ್ತಾಳೆ ಅಜ್ಜಿ? ಅವರ ಊರು ಎಲ್ಲೋ ಏನೋ."

"ಹೋದ್ಸಲ ಬಂದೋರು?"

"ಇಲ್ಲ."

"ಆ ಮಾತು ಹೇಳ್ದೋರು ಒಬ್ರಾದ್ರೂ ವಾಪಸ್ ಬಂದಿರೋದು ನೀನು ನೋಡಿದ್ದೀಯಾ? ಹೇಳು ನೋಡೋಣ." ಗಾಡಿ ಹೋದ ದಾರಿಯ ಕಡೆ ಕೈ ತೋರಿಸಿದಳು. "ಗಾಡಿ ಹತ್ತೋರು ಹೇಳೋ ಮಾತು ಅದು. ನನ್ನ ಮೊಮ್ಮಗಳೂ ಹತ್ತಿದ್ಳು. ಒಳಗಡೆ ಕೂತ್ಕೊಂಡೇ ಕಾಗದ ಬರ್ದಿದಾಳೆ."

ಅಬೇಯಾ, ಆ ಮಾತು ನನಗೂ ತಾಗಿತು. ಯಾಕೆ ಗೊತ್ತಾ? ದನ ಸತ್ತ ವರ್ಷ ಕಳೆದ ಮೇಲೆ ನಾನು ಒಂದು ಮೇಕೆ ಹಿಡಿದುಕೊಂಡು, ಎಣ್ಣೆ ಹಚ್ಚಿದ ಚರ್ಮದ ಲಂಗ ಉಟ್ಟು, ಮದುವೆಗೆ ಹೋಗುವವಳ ಹಾಗೆ ಅವಳ ಬಿಡಾರಕ್ಕೆ ಹೋಗಿ ಅಸಾಂಟೆ ಹೇಳಿ ಬಂದಿದ್ದೆ. ಆವತ್ತಿಂದಲೇ ಅವಳು ಮಾತು ಬಿಟ್ಟದ್ದು.

"ಅಜ್ಜಿ, ನಾನೂ ಹೇಳಿದ್ದೆ. ಮೇಕೆ ತಂದಾಗ."

"ಹೂಂ, ಹೇಳಿದ್ದೆ. ಸರಿ, ಇವಳಿಗೂ ನನಗೂ ಇಲ್ಲಿಗಾಯ್ತು ಅಂದ್ಕೊಂಡೆ. ಆಮೇಲೆ ನಿನ್ನ ಮಗಳು ನಡಿಯೋದು ಕಲ್ತು, ತಟ್ಟಾಡ್ಕೊಂಡು ಬಂದು ನನ್ನ ಕೈಲಿದ್ದ ಗೆಡ್ಡೆ ಕಿತ್ಕೊಂಡ್ಳು. 'ಕೊಡು' ಅಂದ್ಳು. ಅವಳಿಂದ ನೀನು ಬಚಾವಾದೆ."

ನೀನು ಬರಲಾ ಎಂದು ಕೇಳಿದ್ದೀಯೆಂದೂ ಆಗಲೇ ಹೇಳಿಬಿಟ್ಟೆ. ಖುಷಿಪಡುತ್ತಾಳೆ ಎಂದುಕೊಂಡೆ. "ನಮ್ಮೋರಾದ್ರೆ ಕೇಳ್ತಾರಾ?" ಎಂದಳು. "ನೀನು ನಿನ್ನ ಕುಲುಮೆಗೆ ಹೋಗೋವಾಗ ಗಿದಹೋಡನ್ನ ಬರ್ಲಾ ಅಂತ ಕೇಳ್ತೀಯಾ?" ಕೆಳಗೆ ಕೂತು, ನೆಲ ಕೆದಕುತ್ತಾ, ತಲೆ ಎತ್ತಲಿಲ್ಲ. ಅವಳು ಅಳುವುದನ್ನು ನಾನು ಯಾವತ್ತೂ ನೋಡಿಲ್ಲ, ಆವತ್ತೂ ನೋಡಲಿಲ್ಲ ಎಂದೇ ಇಟ್ಟುಕೋ.

ಏನು ಮಾಡಬೇಕೆಂದು ನಾನು ಹೇಳಬೇಕಿಲ್ಲ. ನೀನು ಅವರಲ್ಲಿ ಹುಟ್ಟಿದವಳು. ಟಾಂಗಾದ ನೀರು ಕುಡಿದು ಮರೆತಿದ್ದೀಯ, ಅಷ್ಟೇ.

ನಿನ್ನ
ಉದಮೇಡಾ

*

ಟಾಂಗಾ
೨೪ ಜೂನ್ ೧೯೯೬

ಚಿಕ್ಕಮ್ಮ, ಇದನ್ನು ಎದ್ದು ನಿಂತು, ಕೂಗಿ ಓದಿ. ಎಲ್ಲರೂ ಇರುವಾಗ ಓದಿ.

ವಾಂಡೆ! ನನ್ನ ಕೋಲು ಎಲ್ಲಿ? ಯಾರನ್ನ ಕೇಳಿ ಕೊಟ್ಟೆ? ಇಲ್ಲಿ ನಾನು ದಿನಾ ಗಂಜಿ ತಿಂದು ಸಾಯ್ತಿದೀನಿ. ನೀನು ಅಲ್ಲಿ ಜೇನು ನೆಕ್ಕೊಂಡು ಆರಾಮಾಗಿದೀಯಾ? ಈ ಮಳೆಗಾಲ ಜೇನು ಜೋರಂತೆ, ನಂಗೆ ಒಂದು ತೊಟ್ಟಾದ್ರೂ ಬಂತಾ? ಲಾರಿಯವನಿಗೆ ಟೀ ಲೋಟ ಇಡಕ್ಕೆ ಜಾಗ ಇದೆ, ನನ್ನ ಜೇನಿಗೆ ಜಾಗ ಇಲ್ವಾ?

ನಂಗೆ ಬಾವೊಬಾಬ್ ಕಾಯಿ ಬೇಕು. ಹುಳ ಬಿದ್ದಿರೋದು ಬೇಡ, ಅದನ್ನ ಬುಂಗಾ ಮಾವಂಗೆ ಕೊಡು. ಸುಟ್ಟ ಗೆಡ್ಡೆ ಬೇಕು. ನೀನು ಅಗಿದು ಕೊಡೋದೇನೂ ಬೇಡ, ನಂಗೆ ಹಲ್ಲಿದೆ. ನಿಂಗೇ ಇಲ್ಲ. ಮಲಗೋಕೆ ನಿನ್ನ ಮಗ್ಗುಲು ಬೇಕು, ನನ್ನ ಜಾಗದಲ್ಲಿ ಯಾರಾದ್ರೂ ಮಲಗಿದ್ರೆ ಎಬ್ಬಿಸು. ಆ ಕೆಂಪು ಕಾಂಗಾ ನಂದು, ಅದೂ ವಾಪಸ್ ಬೇಕು.

ಕೊಡು, ಅಜ್ಜಿ. ಎಲ್ಲಾ ಕೊಡು. ಸಾಲಲ್ಲ ನಂಗೆ.

ಇಲ್ಲಿಗೆ ನಿಲ್ಲಿಸಿ, ಚಿಕ್ಕಮ್ಮ. ಮುಂದಿನದು ನಿಮಗೆ ಮಾತ್ರ. ಇವತ್ತು ಬೆಳಿಗ್ಗೆ ದಂಡೆಯ ದವಾಖಾನೆಗೆ ಹೆಸರು ಕೊಟ್ಟೆ. ಮ್ವಾಂತುಮು ಅಮ್ಮ ಕನ್ನಡಕ ತೆಗೆದು, "ಆ ಉಪ್ಪು ಕೊಪ್ಪರಿಗೆಗೆ ಹೋಗ್ತೀಯೇನೇ, ಹುಚ್ಚಿ?" ಎಂದರು. ಅಜ್ಜಿ ಕೋಲು ಕೊಡದಿದ್ದರೂ ಬರುತ್ತೇನೆ. ಆದರೆ ಕೊಡಲಿ ಅಂತ ಆಸೆ.

ಅಬೇಯಾ

*

ಕುಲುಮೆಯಿಂದ, ಮಂಗೋಲ
೨೦ ಜುಲೈ ೧೯೯೬

ನನ್ನ ಜಗಳಗಂಟಿ ಮಗಳೇ,

ನಿಂತೇ ಓದಿದೆ. ಗಂಟಲು ಇನ್ನೂ ನೋಯುತ್ತಿದೆ.

"ವಾಂಡೆ!" ಎಂದು ಕೂಗಿದ್ದಕ್ಕೇ ಅವಳು ಬೆಚ್ಚಿದಳು. ಕೋಲು ಎಲ್ಲಿ ಎಂದಾಗ ಸುತ್ತಲೂ ನೋಡಿದಳು, ನೀನು ಯಾವುದಾದರೂ ಪೊದೆಯ ಹಿಂದೆ ಇದ್ದೀಯೇನೋ ಎನ್ನುವ ಹಾಗೆ. ಹುಳ ಬಿದ್ದ ಕಾಯಿ ಬುಂಗಾನಿಗೆ ಎಂದಾಗ ಗಂಡಸರು ಅವನ ಬೆನ್ನಿಗೆ ಗುದ್ದಿ ನಕ್ಕರು. ಹಲ್ಲಿನ ಮಾತಿಗೆ ಅವಳೇ ಬಾಯಿ ಮುಚ್ಚಿಕೊಂಡು ಅಲುಗಾಡತೊಡಗಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಂತಿರಲಿಲ್ಲ.

"ಹೊಟ್ಟೆಬಾಕಿ!" ಎಂದಳು ಕೊನೆಗೆ. "ಕೇಳಿದ್ರಾ ಎಲ್ಲಾರೂ? ಎಷ್ಟು ಕೇಳ್ತಾಳೆ ನೋಡಿ! ಇವಳ ಹೊಟ್ಟೆಗೆ ಅಗ್ದು ಅಗ್ದೇ ನನ್ನ ಬೆನ್ನು ಬಗ್ಗಿದ್ದು. ಇನ್ನೂ ಸಾಲಲ್ವಂತೆ!" ಬೈಯುತ್ತಲೇ ಇದ್ದಳು. ಆ 'ಸಾಲಲ್ಲ ನಂಗೆ' ಎನ್ನುವುದನ್ನು ಮತ್ತೆ ಮತ್ತೆ ಓದಿಸಿದಳು. ಓದಿದಾಗಲೆಲ್ಲ "ಹೊಟ್ಟೆಬಾಕಿ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. ನಿನಗೆ ಟೋಪಿ ಬಂದಾಗಲೂ ಅವಳಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಮೇಲೆ ಎದ್ದು ನೆಟ್ಟಗೆ ಹೊಸ ಹುಡುಗಿಯ ಮುಂದೆ ಹೋಗಿ ಕೈ ಚಾಚಿದಳು. "ಕೊಡು." ಹುಡುಗಿ ಕೊಟ್ಟಳು. ಕೋಲು ಅಗೆದೂ ಅಗೆದೂ, ಕೆತ್ತಿಸಿಕೊಂಡೂ ಕೆತ್ತಿಸಿಕೊಂಡೂ ಮೊಳದಷ್ಟಾಗಿದೆ.

"ಗಿಡ್ಡ ಆಗ್ಬಿಟ್ಟಿದೆಯಲ್ಲ ಅಜ್ಜಿ" ಎಂದೆ.

"ಅವಳೇನು ಅಲ್ಲಿ ಗಂಜಿ ತಿಂದು ಉದ್ದ ಆಗಿದಾಳಾ? ಸಾಕಿಷ್ಟು."

ಹುಲ್ಲಿಗೆ ಸಿಕ್ಕಿಸಿಟ್ಟಿದ್ದಾಳೆ. ಕಾಂಗಾದ ಆಸೆ ಮಾತ್ರ ಬಿಡು, ಅದು ಗುಡ್ಡದಾಚೆ ಹೋಗಿದೆಯಂತೆ.

ನನ್ನದೂ ಒಂದು ಸುದ್ದಿ. ಬರುವಾಗ ಅವಳ ಗುಡಿಸಲೊಳಗೆ ನುಗ್ಗಿ ಜೇನಿನ ಸೋರೆಬುರುಡೆ ಎತ್ತಿಕೊಂಡು ಬಂದೆ. ಬಾಣದ ಮೊನೆ ಕೊಡಲಿಲ್ಲ, ಏನೂ ಹೇಳಲೂ ಇಲ್ಲ. ಗಿದಹೋಡ ಹೌಹಾರಿದ. "ಕದ್ಯೇನೇ?" ಎಂದ. ಬೆಳಗಾಗುವುದರೊಳಗೆ ವಾಂಡೆ ಬಂದು ನನ್ನ ಕೈಯಿಂದ ಹಿತ್ತಾಳೆ ಬಳೆ ಕಳಚಿಕೊಂಡು ಹೋದಳು. ಲಾರಿಯವನಿಗೆ ಕೊಡಬೇಕಿದ್ದ ಬಳೆ ಅದು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಅವಳು ನನ್ನ ಹತ್ತಿರ ಏನನ್ನೂ ಹಾಗೆ ಕಿತ್ತುಕೊಂಡಿರಲಿಲ್ಲ. ಇಡೀ ದಿನ ಬರಿಗೈ ನೋಡಿಕೊಂಡು ಖುಷಿಪಟ್ಟೆ.

ಬೇಗ ಬಾ.

ಉದಮೇಡಾ

*

ದವಾಖಾನೆ, ಸರೋವರದ ದಂಡೆ
೨ ಸೆಪ್ಟೆಂಬರ್ ೧೯೯೬

ಪೂಜ್ಯ ಮೇಟ್ರನ್ ಮ್ವಾಂತುಮು ಅಮ್ಮನವರಿಗೆ,

ತಲುಪಿದೆ. ದವಾಖಾನೆಯ ಬಾಗಿಲಿಗೆ ಬೀಗವಿತ್ತು, ಬೀಗದೊಳಗೆ ಉಪ್ಪು ಸೇರಿ ಗಟ್ಟಿಯಾಗಿತ್ತು. ಕಮ್ಮಾರ ಗಿದಹೋಡ ಒಡೆದುಕೊಟ್ಟು, ಆ ಬೀಗವನ್ನು ಬಳೆ ಮಾಡಲು ಒಯ್ದ.

ಆದರೆ ನಾನು ಮೊದಲು ಹೋದದ್ದು ಬಿಡಾರಕ್ಕೆ. ಪೆಟ್ಟಿಗೆ ಹೊತ್ತು, ಒಣಗಿದ ಸರೋವರದ ಬಿಳಿ ನೆಲದ ಮೇಲೆ ಕಣ್ಣು ಕಿರಿದು ಮಾಡಿಕೊಂಡು ನಡೆದೆ. ಅಜ್ಜಿ ಬೆಂಕಿಯ ಮುಂದೆ ಕೂತು ಗೆಡ್ಡೆ ತಿನ್ನುತ್ತಿದ್ದಳು. ನನ್ನನ್ನು ದೂರದಿಂದಲೇ ನೋಡಿದ್ದಳು, ಆದರೂ ತಲೆ ಎತ್ತಲಿಲ್ಲ. ಎಷ್ಟು ಸಣ್ಣಗಾಗಿದ್ದಳು! ನನ್ನ ಗಂಟಲವರೆಗೆ ನೀವು ಕಲಿಸಿದ ಮಾತು ಬಂದಿತ್ತು. ನಾನು ಪೆಟ್ಟಿಗೆ ಇಳಿಸಿ, ಅವಳ ಕೈಯಿಂದ ಅರ್ಧ ತಿಂದ ಗೆಡ್ಡೆ ಕಿತ್ತುಕೊಂಡು ಬಾಯಿಗೆ ಹಾಕಿದೆ. ಕೆಂಡದಂತಿತ್ತು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು.

"ಅದು ನಂದು" ಎಂದಳು.

"ಗೊತ್ತು" ಎಂದೆ.

"ನಾರು ಉಗಿ. ಟಾಂಗಾದಲ್ಲಿ ಅದೂ ಮರ್ತ್ಯಾ?"

ಅಷ್ಟೇ. ಆಮೇಲೆ ಸರಿದು ತನ್ನ ಪಕ್ಕ ಜಾಗ ಮಾಡಿದಳು. ನಾನು ಕೂತೆ. ಹುಲ್ಲಿನಲ್ಲಿ ನನ್ನ ಕೋಲಿತ್ತು.

ನನ್ನ ಪೆಟ್ಟಿಗೆ ಅಲ್ಲೇ ಖಾಲಿಯಾಯಿತು. ಬಿಳಿ ಟೋಪಿ ಬುಂಗಾ ಮಾವನ ತಲೆಯ ಮೇಲಿದೆ, ಬೇಟೆಗೂ ಅದನ್ನೇ ಹಾಕಿಕೊಂಡು ಹೋಗುತ್ತಾನೆ. ಇನ್ಸ್‌ಪೆಕ್ಟರು ಬಂದರೆ ಏನು ಹೇಳಲಿ? ದವಾಖಾನೆಗೆ ಈಗ ಹೆಂಗಸರು ಬರತೊಡಗಿದ್ದಾರೆ. ಅಜ್ಜಿ ಬಾಗಿಲ ಬಳಿ ಕೂತು, "ಹೋಗಿ, ಅವಳ ಹತ್ರ ಔಷಧಿ ಕೇಳಿ. ಕೊಡ್ತಾಳೆ. ಕೊಡ್ದೆ ಎಲ್ಲಿ ಹೋಗ್ತಾಳೆ?" ಎನ್ನುತ್ತಾಳೆ.

ಅಮ್ಮ, ಕಾಯಿಲೆ ಬಿದ್ದಾಗ ನಿಮ್ಮ ಹಾಸಿಗೆಯಲ್ಲಿ ನನ್ನನ್ನು ಮಲಗಿಸಿ ನೀವು ನೆಲದಲ್ಲಿ ಮಲಗಿದ್ದು ನನಗೆ ನೆನಪಿದೆ. ಅದಕ್ಕೆ ಆ ಮಾತು ಬರೆಯೋಣವೆಂದು ಕೂತೆ, ಕೈ ಏಳಲಿಲ್ಲ. ಅದರ ಬದಲು ಕೇಳುತ್ತೇನೆ. ನಿಮ್ಮ ಮೇಜಿನ ಖಾನೆಯಲ್ಲಿರುವ ಹಳೆಯ ಸ್ಟೆತಸ್ಕೋಪು ನನಗೆ ಬೇಕು, ಕೊಡಿ. ನಿಮ್ಮ ಆ ಹಸಿರು ಸ್ವೆಟರೂ ಬೇಕು, ಬೆಳಗಿನ ಜಾವದ ಚಳಿ ಇಲ್ಲಿ ಜೋರು. ರಜೆಗೆ ನೀವೂ ಬನ್ನಿ. ಅಜ್ಜಿ ನಿಮ್ಮ ಕನ್ನಡಕ ಕೇಳುತ್ತಾಳೆ, ಬೇಸರ ಮಾಡಿಕೊಳ್ಳಬೇಡಿ. ನೀವೂ ಅವಳ ಹತ್ತಿರ ಏನಾದರೂ ಕಿತ್ತುಕೊಳ್ಳಿ.

ಹೊರಡುವಾಗ ಮಾತ್ರ, ದಯವಿಟ್ಟು, ಏನೂ ಹೇಳದೆ ಗಾಡಿ ಹತ್ತಿ.

ನಿಮ್ಮ
ಅಬೇಯಾ